ಗೊಗ್ಗರು ದನಿಯ ಪ್ರತಿಭಟನೆ: ಎಕ್ಸ್‌ಟ್ರೀಮ್ ಮೆಟಲ್ ಮತ್ತು ನೀಲಗಾರರ ನೆಲ

ಹೆವಿ ಮೆಟಲ್ ಎಂಬ ರಾಕ್ ಸಂಗೀತದ ಕವಲು 1980ರ ದಶಕದಲ್ಲಿ ಮತ್ತಷ್ಟು ವೇಗ, ಮತ್ತಷ್ಟು ಅಬ್ಬರ, ಮತ್ತಷ್ಟು ಕರ್ಕಶತೆಯತ್ತ ಹೊರಳಿದಾಗ ಹುಟ್ಟಿಕೊಂಡ ಥ್ರ್ಯಾಶ್, ಡೆತ್, ಬ್ಲ್ಯಾಕ್, ಗ್ರೈಂಡ್‌ಕೋರ್ ಮೊದಲಾದ ಪ್ರಕಾರಗಳನ್ನು ಒಟ್ಟಾಗಿ ಎಕ್ಸ್‌ಟ್ರೀಮ್ ಮೆಟಲ್ ಎಂದು ಕರೆಯುತ್ತಾರೆ. ಮೊದಲ ಸಲ ಕೇಳಿದವರಿಗೆ ಇದು ಬರಿಯ ಗದ್ದಲವೆನಿಸುವುದು ಸಹಜ. ಆದರೆ ಆ ಗದ್ದಲದ ಹಿಂದೆ ಕಠಿಣವಾದ ಅಭ್ಯಾಸವಿದೆ. ವಿದ್ಯುತ್ ಗಿಟಾರಿನ ನಾದವನ್ನು ಬೇಕೆಂದೇ ಒಡೆದು ಒರಟಾಗಿಸುವುದನ್ನು ಡಿಸ್ಟಾರ್ಷನ್ ಎನ್ನುತ್ತಾರೆ. ಡ್ರಮ್ ವಾದಕ ಕಾಲಿನಿಂದ ದಪ್ಪ ಡ್ರಮ್ಮನ್ನು ನುಡಿಸುತ್ತ, ಕೈಗಳಿಂದ ಉಸಿರಾಡಲೂ ಬಿಡುವಿಲ್ಲದಂತೆ ಬಾರಿಸುವ ಪೆಟ್ಟುಗಳ ಸರಣಿಗೆ ಬ್ಲಾಸ್ಟ್ ಬೀಟ್ ಎಂದು ಹೆಸರು. ಹಾಡುಗಾರನ ಗೊಗ್ಗರು ದನಿಗೆ ಗ್ರೌಲ್ ಎನ್ನುತ್ತಾರೆ. ಧ್ವನಿತಂತುಗಳ ಮೇಲ್ಭಾಗದಲ್ಲಿರುವ, ಮಾತನಾಡುವಾಗ ಸಾಮಾನ್ಯವಾಗಿ ಬಳಕೆಯಾಗದ ಮಡಿಕೆಗಳನ್ನು ಹೊಟ್ಟೆಯಿಂದ ಎತ್ತಿದ ಉಸಿರಿನ ಬಲದಿಂದ ಕಂಪಿಸುವಂತೆ ಮಾಡಿದಾಗ ಆ ದನಿ ಹೊರಡುತ್ತದೆ, ಮತ್ತು ಸರಿಯಾಗಿ ಕಲಿಯದೆ ಅದಕ್ಕೆ ಕೈಹಾಕಿದವರ ಗಂಟಲು ಕೆಡುತ್ತದೆ.

ಈ ಸಂಗೀತದ ಬೇರು ಕಾರ್ಖಾನೆಯ ದುಡಿಮೆಯಲ್ಲಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ತಗಡಿನ ಕಾರ್ಖಾನೆಯೊಂದರ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ ಟೋನಿ ಅಯೋಮಿ, ಪ್ಲಾಸ್ಟಿಕ್ ಕರಗಿಸಿ ಮಾಡಿಕೊಂಡ ಟೊಪ್ಪಿಗಳನ್ನು ಬೆರಳಿಗೆ ತೊಡಿಸಿ ಗಿಟಾರ್ ಹಿಡಿದನು. ಮುಂದೆ ತಂತಿಗಳ ಬಿಗಿ ಸಡಿಲಿಸಿ ಶ್ರುತಿಯನ್ನು ಕೆಳಗಿಳಿಸಿದಾಗ ಹುಟ್ಟಿದ ಭಾರವಾದ ನಾದವೇ ಮೆಟಲ್‌ನ ಗುರುತಾಯಿತು. ಅವನ ತಂಡವಾದ ಬ್ಲ್ಯಾಕ್ ಸ್ಯಾಬತ್ 1970ರಲ್ಲೇ ಯುದ್ಧಕೋರ ಆಳುವವರ ವಿರುದ್ಧ ಹಾಡಿತ್ತು. ಅದೇ ಸೀಮೆಯಿಂದ ಬಂದ ನೇಪಾಮ್ ಡೆತ್ ತಂಡವು 1987ರ ‘ಸ್ಕಮ್’ ಎಂಬ ಆಲ್ಬಮ್ಮಿನಲ್ಲಿ ಬಂಡವಾಳಶಾಹಿ ಕಂಪನಿಗಳ ದುರಾಸೆಯನ್ನು ಗುರಿಯಾಗಿಸಿಕೊಂಡು ಗ್ರೈಂಡ್‌ಕೋರ್‌ಗೆ ರೂಪ ಕೊಟ್ಟಿತು; ಆ ಆಲ್ಬಮ್ಮಿನ ಒಂದು ಹಾಡಿನ ಅವಧಿ ಒಂದೂವರೆ ಸೆಕೆಂಡನ್ನೂ ಮುಟ್ಟುವುದಿಲ್ಲ. ಬ್ರೆಜಿಲಿನ ಸೆಪಲ್ಟುರಾ ತಂಡ 1996ರ ‘ರೂಟ್ಸ್’ ಆಲ್ಬಮ್ಮಿಗಾಗಿ ಶವಾಂತೆ ಎಂಬ ಆದಿವಾಸಿ ಸಮುದಾಯದವರೊಡನೆ ಕೂಡಿ ಹಾಡಿ, ತನ್ನ ದೇಶದ ಮೂಲನಿವಾಸಿಗಳ ದನಿಯನ್ನು ಜಗತ್ತಿನ ಮೆಟಲ್ ಕೇಳುಗರಿಗೆ ಮುಟ್ಟಿಸಿತು. ಹಾಗೆಂದು ಅಬ್ಬರವೆಲ್ಲವೂ ಶೋಷಿತರ ಪರವಾಗಿರುತ್ತದೆಂದು ತಿಳಿಯುವಂತಿಲ್ಲ. ಯುರೋಪಿನ ಬ್ಲ್ಯಾಕ್ ಮೆಟಲ್ ವಲಯದಲ್ಲಿ ನಾಜಿವಾದವನ್ನು ಬಹಿರಂಗವಾಗಿ ಎತ್ತಿಹಿಡಿಯುವ ತಂಡಗಳೂ ಇವೆ, ಆದ್ದರಿಂದ ಈ ಸಂಗೀತವನ್ನು ತೂಗುವಾಗ ನಾದದಷ್ಟೇ ಎಚ್ಚರದಿಂದ ಮಾತನ್ನೂ ತೂಗಬೇಕಾಗುತ್ತದೆ.

ಕರ್ನಾಟಕದಲ್ಲಿ ಮೆಟಲ್ ಎಂದರೆ ಬೆಂಗಳೂರು. ಡೆತ್ ಮೆಟಲ್ ನುಡಿಸುವ ಡೈಯಿಂಗ್ ಎಂಬ್ರೇಸ್ ತಂಡ ಅಲ್ಲಿ 1991ರಲ್ಲಿ ಹುಟ್ಟಿತು. 1998ರಲ್ಲಿ ಆರಂಭವಾದ ಕ್ರಿಪ್ಟೋಸ್ ತಂಡ ಜರ್ಮನಿಯ ಪ್ರಸಿದ್ಧ ವಾಕನ್ ಉತ್ಸವದವರೆಗೂ ಹೋಗಿಬಂದಿತು. ಅರಮನೆ ಮೈದಾನದಲ್ಲಿ 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ತಂಡಗಳು ನುಡಿಸಿದಾಗ ದೇಶದ ಮೂಲೆಮೂಲೆಗಳಿಂದ ಯುವಜನರು ಬಂದು ಸೇರಿದ್ದರು. ವಾದನದ ಪಕ್ವತೆಯಲ್ಲಿ ಯಾರಿಗೂ ಕಡಿಮೆಯಿಲ್ಲದ ಈ ಊರಿನ ತಂಡಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಹಾಡುತ್ತ ಬಂದಿವೆ, ಮತ್ತು ನೇರವಾದ ರಾಜಕೀಯ ಮಾತು ಅವುಗಳಲ್ಲಿ ವಿರಳ. ಆ ಮಾತನ್ನು ಆಡಿದವರು ಬೇರೆಡೆ ಸಿಗುತ್ತಾರೆ. ಕೋಲ್ಕತ್ತದಲ್ಲಿ 2010ರಲ್ಲಿ ಹುಟ್ಟಿದ ಹೀದನ್ ಬೀಸ್ಟ್ ತಂಡದ ಸದಸ್ಯರು ಚಾರ್ವಾಕ, ಸಾಂಖ್ಯ, ಮೀಮಾಂಸಾ ಎಂದು ಭಾರತೀಯ ದರ್ಶನಗಳ ಹೆಸರುಗಳನ್ನೇ ಇಟ್ಟುಕೊಂಡು, ತಮ್ಮ ನಿಜ ಗುರುತನ್ನು ಮರೆಮಾಡಿ, ಕೋಮುವಾದ ಮತ್ತು ಧರ್ಮದ ಹೆಸರಿನ ಹಿಂಸೆಯ ವಿರುದ್ಧ ಹಾಡಿದರು. 2020ರಲ್ಲಿ ಅವರು ಹೊರತಂದ ಆಲ್ಬಮ್ಮು ಪೌರತ್ವ ತಿದ್ದುಪಡಿ ಕಾಯ್ದೆಯಿಂದ ಹಿಡಿದು ನೋಟು ರದ್ದತಿಯವರೆಗೆ ಆ ವರ್ಷಗಳ ರಾಜಕಾರಣದ ಮೇಲಿನ ದೋಷಾರೋಪ ಪಟ್ಟಿಯಂತಿದೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ವಯನಾಡಿನಾಚೆಗೆ ಇಳಿದರೆ ಸಿಗುವ ಕಣ್ಣೂರಿನಲ್ಲಿ 2009ರಲ್ಲಿ ರೂಪುಗೊಂಡ ದಿ ಡೌನ್ ಟ್ರೋಡನ್ಸ್ ಎಂಬ ತಂಡವಂತೂ ತುಳಿತಕ್ಕೊಳಗಾದವರ ಪರ ನಿಲುವನ್ನು ತನ್ನ ಹೆಸರಿನಲ್ಲೇ ಸಾರಿ, ಮಲಬಾರಿನ ಜನಪದದ ಲಯಗಳನ್ನು ಮೆಟಲ್‌ಗೆ ಬೆಸೆದು 2014ರಲ್ಲಿ ಮೊದಲ ಆಲ್ಬಮ್ ತಂದಿತು. ಇಂದು ಮಲಯಾಳಂ ಸಿನಿಮಾದ ಖ್ಯಾತ ಸಂಗೀತ ನಿರ್ದೇಶಕನಾಗಿರುವ ಸುಶಿನ್ ಶ್ಯಾಮ್ ಅದರ ಕೀಬೋರ್ಡ್ ವಾದಕನಾಗಿದ್ದನು. ಇಂಥ ತಂಡಗಳನ್ನು ಸ್ವತಂತ್ರ ತಂಡಗಳೆನ್ನುವುದಕ್ಕೆ ಕಾರಣ ಸರಳವಾದುದು: ಧ್ವನಿಮುದ್ರಣದ ಖರ್ಚಿನಿಂದ ಹಿಡಿದು ಮಾರಾಟದವರೆಗೆ ಅವು ದೊಡ್ಡ ಕಂಪನಿಗಳನ್ನು ನೆಚ್ಚುವುದಿಲ್ಲ, ಆದ್ದರಿಂದ ಯಾವ ಸಾಲನ್ನು ತೆಗೆಯಬೇಕು ಎಂದು ಹೇಳುವ ಯಜಮಾನರೂ ಅವುಗಳಿಗಿರುವುದಿಲ್ಲ.

ಚಾಮರಾಜನಗರ ಸೀಮೆಯ ಜನರಿಗೆ ಇದೆಲ್ಲ ದೂರದ ಸುದ್ದಿಯೆನಿಸಬಹುದು, ಆದರೆ ಒರಟು ರೂಪದಲ್ಲಿ ಪ್ರತಿಭಟನೆಯನ್ನು ಹಾಡುವ ಪರಂಪರೆ ಈ ಸೀಮೆಯಲ್ಲಿರುವಷ್ಟು ಗಟ್ಟಿಯಾಗಿ ನಾಡಿನ ಬೇರೆ ಕಡೆ ಸಿಗುವುದು ಕಷ್ಟ. ಜನಪದ ಗಾಯಕರಾದ ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇಸ್ವಾಮಿಯು ಬಸವಣ್ಣನವರ ಕಲ್ಯಾಣಕ್ಕೆ ಬರುವುದು ತೇಜಸ್ವಿಯಾದ ಗುರುವಿನ ವೇಷದಲ್ಲಲ್ಲ. ಮೈಯೆಲ್ಲ ಹೊಲಸಾಗಿ, ನೊಣ ಮುತ್ತಿ, ಹೆಂಡದ ಗಡಿಗೆ ಹೊತ್ತು, ಕೊಳೆತ ವಾಸನೆ ಬೀರುತ್ತ ಅವನು ಬಾಗಿಲಿಗೆ ಬಂದು ನಿಲ್ಲುತ್ತಾನೆ. ಸಮಾನತೆಯ ಮಾತಾಡುವ ಜಂಗಮರು ಮೂಗು ಮುಚ್ಚಿಕೊಂಡು ದೂರ ಸರಿದಾಗ ಅವರ ನಿಜಬಣ್ಣ ಬಯಲಾಗುತ್ತದೆ, ಬಸವಣ್ಣ ಮತ್ತು ನೀಲಮ್ಮನವರು ಮಾತ್ರ ಅವನನ್ನು ಗುರುತಿಸುತ್ತಾರೆ. ಅಸಹ್ಯವೆನಿಸುವ ರೂಪವನ್ನು ಬೇಕೆಂದೇ ತೊಟ್ಟು ಎದುರಿಗಿದ್ದವರ ಸಹನೆಯನ್ನೂ ಪ್ರಾಮಾಣಿಕತೆಯನ್ನೂ ಪರೀಕ್ಷಿಸುವ ಈ ವಿಧಾನವನ್ನು ಅರಿತವರಿಗೆ, ಎಕ್ಸ್‌ಟ್ರೀಮ್ ಮೆಟಲ್‌ನ ಕರ್ಕಶತೆಯ ಉದ್ದೇಶವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಲೆ ಮಾದೇಶ್ವರ ಕಾವ್ಯದಲ್ಲಿ ದೇವತೆಗಳನ್ನೇ ಸೆರೆಯಲ್ಲಿಟ್ಟು ಚಾಕರಿ ಮಾಡಿಸಿಕೊಳ್ಳುವ ಶ್ರವಣ ದೊರೆಯ ಸಂಹಾರಕ್ಕೆ ಒದಗುವುದು ಕತ್ತಿಯಲ್ಲ, ಚರ್ಮದ ಕಸುಬಿನ ಹರಳಯ್ಯನ ಕೈಯಿಂದಾದ ಅರಗಿನ ಪಾದರಕ್ಷೆ. ಮಂಟೇಸ್ವಾಮಿಯ ಶಿಷ್ಯನಾದ ಸಿದ್ದಪ್ಪಾಜಿಯ ನೆಲೆಯಾದ ಚಿಕ್ಕಲ್ಲೂರಿನಲ್ಲಿ ಪ್ರತಿವರ್ಷ ಜನವರಿಯ ಸುಮಾರಿಗೆ ನಡೆಯುವ ಜಾತ್ರೆಯ ಪಂಕ್ತಿಸೇವೆಯಲ್ಲಿ ಹಲವು ಜಾತಿಯ ಒಕ್ಕಲಿನವರು ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆಂಬುದನ್ನು ನೆನೆದರೆ, ಈ ಕಾವ್ಯಗಳ ರಾಜಕಾರಣ ಬರಿಯ ಕಥೆಯಲ್ಲಿ ಉಳಿದಿಲ್ಲವೆಂಬುದು ತಿಳಿಯುತ್ತದೆ.

ತಮಟೆಯ ಚರಿತ್ರೆ ಇನ್ನೂ ಕಹಿಯಾದುದು. ಬಾರಿಸುವ ಮುನ್ನ ಹುಲ್ಲಿನ ಬೆಂಕಿಗೆ ಹಿಡಿದು, ಚರ್ಮ ಬಿಗಿಯಾಗುವವರೆಗೆ ತಿರುಗಿಸುತ್ತ, ಬೆರಳಿನಿಂದ ತಟ್ಟಿ ನಾದ ಕೂಡಿತೇ ಎಂದು ನೋಡಿ, ಬಳಿಕ ಒಂದು ಗಿಡ್ಡ ಕಡ್ಡಿ ಮತ್ತೊಂದು ಉದ್ದನೆಯ ತೆಳು ಕಡ್ಡಿಯಿಂದ ಎಬ್ಬಿಸುವ ಆ ಸದ್ದು ಸಾವಿಗೂ ಜಾತ್ರೆಗೂ ಬೇಕಾಗಿತ್ತು, ಬಾರಿಸುವವನು ಮಾತ್ರ ಊರ ಹೊರಗಿರಬೇಕಾಗಿತ್ತು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆದಂತೆ, ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಸಂಕಲನದ ಕವಿತೆಗಳು ಮೆರವಣಿಗೆಗಳಲ್ಲಿ ಹಾಡಾಗಿ ಮೊಳಗಿದಂತೆ, ಬಿಟ್ಟಿ ಚಾಕರಿಯ ಗುರುತಾಗಿದ್ದ ಅದೇ ವಾದ್ಯ ಹೋರಾಟದ ವಾದ್ಯವೂ ಆಯಿತು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದದ್ದು ಬಹಳ ತಡವಾಗಿ ಬಂದ ಮನ್ನಣೆ.

ನೀಲಗಾರರಿಗೂ ಮೆಟಲ್ ತಂಡಗಳಿಗೂ ನಡುವೆ ಇರುವ ದೊಡ್ಡ ಅಂತರವನ್ನು ಇಲ್ಲಿ ಮುಚ್ಚಿಡಲಾಗದು. ತಂಬೂರಿ, ಗಗ್ಗರ, ಡಕ್ಕೆಗಳ ಸದ್ದಿನಲ್ಲಿ ಹಾಡುವ ನೀಲಗಾರನು ಹಾಡನ್ನು ನಿಲ್ಲಿಸಿ ಮಾತಿಗಿಳಿಯುತ್ತಾನೆ, ಕಥೆಯನ್ನು ಬಿಡಿಸಿ ಹೇಳುತ್ತಾನೆ, ಹಿಮ್ಮೇಳದವನು ನಡುನಡುವೆ ಪ್ರಶ್ನೆ ಕೇಳಿ, ಹೂಂಗುಟ್ಟಿ, ಅರ್ಥವನ್ನು ಇನ್ನಷ್ಟು ತಿಳಿಯಾಗಿಸುತ್ತಾನೆ. ಓದುಬರಹ ತಿಳಿಯದ ಕೇಳುಗನಿಗೂ ಒಂದು ಮಾತೂ ತಪ್ಪುವುದಿಲ್ಲ. ಎಕ್ಸ್‌ಟ್ರೀಮ್ ಮೆಟಲ್‌ನಲ್ಲಾದರೋ ಗೊಗ್ಗರು ದನಿಯೊಳಗೆ ಮಾತು ಹೂತುಹೋಗುತ್ತದೆ, ಹಾಡಿನ ಸಾಹಿತ್ಯವನ್ನು ಪ್ರತ್ಯೇಕವಾಗಿ ಅಚ್ಚುಮಾಡಿ ಕೊಡದಿದ್ದರೆ ಸಿಟ್ಟು ತಿಳಿಯುತ್ತದೆಯೇ ಹೊರತು ಸಿಟ್ಟಿನ ಕಾರಣ ತಿಳಿಯುವುದಿಲ್ಲ. ಅದರ ಮೇಲೆ ಭಾಷೆಯೂ ಇಂಗ್ಲಿಷಾದರೆ, ಯಾರ ನೋವನ್ನು ಹಾಡಲಾಗುತ್ತಿದೆಯೋ ಅವರಿಗೇ ಅದು ಮುಟ್ಟದೆ ಹೋಗುತ್ತದೆ. ಭಾರತದ ರಾಜಕೀಯ ಮೆಟಲ್‌ನ ಪ್ರಾಮಾಣಿಕತೆಯನ್ನು ಗೌರವಿಸುತ್ತಲೇ ಹೇಳಬೇಕಾದ ಅದರ ದೊಡ್ಡ ಕೊರತೆ ಇದು.

ಹಾಡಬೇಕಾದ ವಿಷಯಗಳಿಗೆ ಚಾಮರಾಜನಗರ ಜಿಲ್ಲೆಯಲ್ಲಿ ಬರವಿಲ್ಲ. 2021ರ ಮೇ ತಿಂಗಳ ಮೊದಲ ವಾರ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದು ದಿನದೊಳಗೆ 24 ರೋಗಿಗಳು ಪ್ರಾಣಬಿಟ್ಟರು. 2022ರ ನವೆಂಬರ್‌ನಲ್ಲಿ ಹೆಗ್ಗೊಠಾರ ಗ್ರಾಮದಲ್ಲಿ ದಲಿತ ಮಹಿಳೆಯೊಬ್ಬರು ತೊಂಬೆಯ ನಲ್ಲಿಯಿಂದ ನೀರು ಕುಡಿದರೆಂಬ ಕಾರಣಕ್ಕೆ ಆ ತೊಂಬೆಯನ್ನು ಬರಿದುಮಾಡಿ ತೊಳೆದ ಸುದ್ದಿ ನಾಡನ್ನೇ ತಲೆತಗ್ಗಿಸುವಂತೆ ಮಾಡಿತು. ಇಂಥವನ್ನು ಮೃದುವಾದ ದನಿಯಲ್ಲೇ ಹಾಡಬೇಕೆಂದು ಯಾರೂ ಕಟ್ಟಳೆ ಹಾಕಲಾಗದು. ಚಾಮರಾಜನಗರ, ಗುಂಡ್ಲುಪೇಟೆಗಳ ಕಾಲೇಜು ಓದುವ ಮಕ್ಕಳು ಗಿಟಾರ್ ಹಿಡಿದು ತಂಡ ಕಟ್ಟುವುದಾದರೆ, ಬೆಂಗಳೂರಿನ ವೇದಿಕೆಗಳ ಕಡೆ ನೋಡುವ ಮೊದಲು ನೀಲಗಾರರ ಮುಂದೆ ಒಂದು ರಾತ್ರಿ ಕುಳಿತು, ಅಬ್ಬರದ ನಡುವೆಯೂ ಮಾತನ್ನು ಕೇಳುಗನಿಗೆ ದಾಟಿಸುವುದು ಹೇಗೆಂದು ಕಲಿಯಬೇಕು, ಮತ್ತು ತಮ್ಮೂರಿನ ಕನ್ನಡದಲ್ಲೇ ಹಾಡಬೇಕು. ಊರಿನ ಹಿರಿಯರೂ ಆ ದನಿ ಒರಟಾಗಿದೆಯೆಂದು ಎದ್ದುಹೋಗದೆ, ಏನು ಹೇಳುತ್ತಿದ್ದಾರೆಂದು ಕೂತು ಕೇಳಬೇಕು.