ನಿಮಗಿದು ಗೊತ್ತೆ? ವಾಲ್ಯೂಮ್ ಗುಂಡಿ ಕರಕರ ಎನ್ನುವುದೇಕೆ?

ಹಳೆಯ ರೇಡಿಯೊದ ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು ಬಂದರೆ ಸ್ಪೀಕರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಗುಂಡಿಯ ಹಿಂದಿನ ಪುಟ್ಟ ಡಬ್ಬಿಯಲ್ಲಿ ಲಾಳದ ಆಕಾರದ ಕಾರ್ಬನ್ ಪಟ್ಟಿ ಇರುತ್ತದೆ. ಅದರ ಮೇಲೆ ಲೋಹದ ಸಣ್ಣ ನಾಲಗೆ ಸರಿದಾಡುತ್ತದೆ. ನಡುವೆ ಧೂಳು, ಒಣಗಿದ ಗ್ರೀಸ್ ಸೇರಿದರೆ ಸಂಪರ್ಕ ಕ್ಷಣಕ್ಷಣಕ್ಕೂ ತಪ್ಪುತ್ತದೆ. ಸ್ವಿಚ್‌ಗಳಲ್ಲಾದರೆ ಬೆಳ್ಳಿಯ ತುದಿಗಳು ಕಪ್ಪಿಡುತ್ತವೆ.

ಇದಕ್ಕೆ ಹೆಸರಾದ ಔಷಧ ಡಿಆಕ್ಸಿಟ್ ಎಂಬ ಕಾಂಟ್ಯಾಕ್ಟ್ ಕ್ಲೀನರ್. ಅದನ್ನು ತಯಾರಿಸುವ ಕೇಗ್ ಲ್ಯಾಬೊರೇಟರೀಸ್ 1956ರಲ್ಲಿ ಶುರುವಾದದ್ದು. ಅಮೆರಿಕದ ಸ್ಯಾನ್ ಡಿಯೇಗೊ ಕೌಂಟಿಯ ಪೊವೇ ಊರಿನ ಕಂಪನಿ. ನಮ್ಮ ಗ್ಯಾರೇಜುಗಳಲ್ಲೂ ಕಾಣುವ ಡಬ್ಲ್ಯುಡಿ-40 ಹುಟ್ಟಿದ್ದೂ ಸ್ಯಾನ್ ಡಿಯೇಗೊದಲ್ಲೇ, 1953ರಲ್ಲಿ. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ಅದನ್ನು ಬಳಸಿದರು. ಆದರೆ ಆ ನೀಲಿ-ಹಳದಿ ಡಬ್ಬಿಯನ್ನು ವಾಲ್ಯೂಮ್ ಕಂಟ್ರೋಲ್ ಹತ್ತಿರ ದಯವಿಟ್ಟು ತರಬೇಡಿ. ಉಳಿಯುವ ಎಣ್ಣೆಯ ಪಸೆ ಮತ್ತೆ ಧೂಳನ್ನೇ ಹಿಡಿದಿಡುತ್ತದೆ.

ಮೊದಲು ಪ್ಲಗ್ ತೆಗೆಯಿರಿ. ವಾಲ್ವ್ ರೇಡಿಯೊ ಆದರೆ ಮೆಕ್ಯಾನಿಕ್‌ಗೇ ಕೊಡಿ. ಕರೆಂಟ್ ತಪ್ಪಿಸಿದ ಮೇಲೂ ಅದರ ಕೆಪಾಸಿಟರ್‌ಗಳು ಜೋರಾಗಿ ಶಾಕ್ ಹೊಡೆಯಬಲ್ಲವು. ಉಳಿದವುಗಳಲ್ಲಿ, ಕಂಟ್ರೋಲಿನ ಮೂರು ಕಾಲುಗಳ ಪಕ್ಕದ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರನ್ನು ಒಂದೇ ಒಂದು ಸಲ ಚಿಮ್ಮಿಸಿ. ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲವಾದರೂ ತಿರುಗಿಸಿ. ಕೊಳೆ ಬಿಡಿಸುವುದು ಬಹುಪಾಲು ಈ ತಿರುಗಾಟವೇ. ಪೂರ್ತಿ ಒಣಗಿದ ಮೇಲೆ ಆನ್ ಮಾಡಿ.

ಆಗಲೂ ಸದ್ದು ನಿಲ್ಲದಿದ್ದರೆ ಪಟ್ಟಿ ಸವೆದಿರಬಹುದು. ಇಲ್ಲವೇ ಹಿಂದಿನ ಕೆಪಾಸಿಟರ್ ಸೋರಿ, ಕಂಟ್ರೋಲಿಗೆ ಡಿಸಿ ವೋಲ್ಟೇಜ್ ಬರುತ್ತಿರಬಹುದು. ಅದಕ್ಕೆ ಎಷ್ಟು ಸ್ಪ್ರೇ ಹೊಡೆದರೂ ಪ್ರಯೋಜನವಿಲ್ಲ, ಕೆಪಾಸಿಟರನ್ನೇ ಬದಲಿಸಬೇಕು.