ಮನೆ ಖಾಲಿ ಮಾಡುವಾಗ ಅಡ್ವಾನ್ಸ್ ಪೂರ್ತಿ ವಾಪಸ್ ಬರಬೇಕಾ? ಮೊದಲು ನಲ್ಲಿ ವಾಷರ್ ನೋಡಿ

ಈ ವಾರದ ವಿಷಯ ಬಾಡಿಗೆ ಮನೆ ಅಡ್ವಾನ್ಸ್. ಬೆಂಗಳೂರಲ್ಲಿ ಇರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲದಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಡೋದು ಇಲ್ಲಿ ಮಾಮೂಲಿ ಆಗಿತ್ತು. ಈಗ ಐದು, ಆರು ತಿಂಗಳಿಗೆ ಒಪ್ಪೋರೂ ಸಿಗ್ತಾರೆ. ಆದರೂ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿರೋ ಹುಡುಗ ಹುಡುಗಿಯರಿಗೆ ಅವರ ಹತ್ರ ಇರೋ ಅತಿ ದೊಡ್ಡ ಮೊತ್ತ ಇದೇ. ಅದೂ ಬೇರೆಯವರ ಅಕೌಂಟಲ್ಲಿ, ಬಡ್ಡಿ ಇಲ್ಲದೆ ಕೂತಿರುತ್ತೆ.

ನನ್ನ ಲೆಕ್ಕ ಮೊದಲು ಹೇಳಿಬಿಡ್ತೀನಿ. ನಾನು ಮೊದಲನೇ ಮನೆಗೆ ಕೊಟ್ಟ ಅಡ್ವಾನ್ಸ್ 1 ಲಕ್ಷ, ಬಾಡಿಗೆ 17 ಸಾವಿರ. ಎರಡು ವರ್ಷ ಇದ್ದು ಖಾಲಿ ಮಾಡಿದಾಗ ಓನರ್ ಒಂದು ಚೀಟಿ ಕೊಟ್ಟರು. ಪೇಂಟಿಂಗ್ 17,000, ಪ್ಲಂಬಿಂಗ್ 4,500, ಕ್ಲೀನಿಂಗ್ 3,000, ಗೋಡೆ ಹಾಳಾಗಿದ್ದಕ್ಕೆ 6,000. ಒಟ್ಟು 30,500 ಹೋಯ್ತು, ಕೈಗೆ ಬಂದಿದ್ದು 69,500. ನಾನು "ಸರಿ ಅಂಕಲ್" ಅಂತ ಹೇಳಿ, ಥ್ಯಾಂಕ್ಸ್ ಬೇರೆ ಹೇಳಿ ಬಂದೆ! ಆಮೇಲೆ ಬಸ್ಸಲ್ಲಿ ಕೂತು ಆ ಚೀಟಿ ನೋಡಿದಾಗಲೇ ಹೊಳೆದಿದ್ದು: ಗೋಡೆಗೆ ಹೊಸದಾಗಿ ಪೇಂಟ್ ಹೊಡೆಸೋಕೆ ಅಂತ 17 ಸಾವಿರ ತಗೊಂಡ ಮೇಲೆ, ಅದೇ ಗೋಡೆಯ ಮೊಳೆ ತೂತಿಗೆ ಇನ್ನೊಂದು ಆರು ಸಾವಿರ ಯಾಕೆ? ಪೇಂಟರ್ ಬಣ್ಣ ಹೊಡೆಯೋಕೆ ಮುಂಚೆ ತೂತಿಗೆ ಪುಟ್ಟಿ ಹಾಕೇ ಹಾಕ್ತಾನೆ. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಟ್ಟಿದ್ದೆ.

ಈಗ ಕಾನೂನು ಏನು ಹೇಳುತ್ತೆ ನೋಡೋಣ, ಜಾಸ್ತಿ ಎಳೆಯಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ, 108ನೇ ಸೆಕ್ಷನ್ ಪ್ರಕಾರ ಬಾಡಿಗೆದಾರ ಮನೆಯನ್ನ ಪಡೆದಾಗ ಇದ್ದ ಸ್ಥಿತಿಯಲ್ಲೇ ಹಿಂತಿರುಗಿಸಬೇಕು. ಆದರೆ ಸಹಜವಾಗಿ ಆಗೋ ಸವೆತವನ್ನ ಅದರಿಂದ ಹೊರಗಿಟ್ಟಿದೆ. ಬಿಸಿಲಿಗೆ ಬಣ್ಣ ಮಾಸೋದು, ಸ್ವಿಚ್ ಸುತ್ತ ಕೈ ಗುರುತು, ನೆಲದ ಹೊಳಪು ಕಮ್ಮಿ ಆಗೋದು ಇವೆಲ್ಲ ಸವೆತ. ಬಾಗಿಲಿಗೆ ಒದ್ದು ಮುರಿದಿದ್ದರೆ ಅದು ಸವೆತ ಅಲ್ಲ, ಅದರ ಖರ್ಚು ನಿಮ್ಮದೇ.

ಇನ್ನೊಂದು, 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಮಾದರಿ ಬಾಡಿಗೆ ಕಾಯ್ದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂತ ಅದರಲ್ಲಿದೆ. ಕೇಳೋಕೆ ಚೆನ್ನಾಗಿದೆ, ಆದರೆ ಅದು ಮಾದರಿ ಮಾತ್ರ, ತಾನಾಗೇ ಎಲ್ಲೂ ಜಾರಿಗೆ ಬರಲ್ಲ. ರಾಜ್ಯಗಳು ತಮ್ಮ ಕಾನೂನು ಮಾಡಬೇಕು. ಓನರ್ ಮುಂದೆ ಅದನ್ನ ಹಿಡ್ಕೊಂಡು ವಾದ ಮಾಡಿದರೆ ಗೆಲ್ಲಲ್ಲ. ಆದರೂ ಅದರ ಕೊನೆಯಲ್ಲಿರೋ ಪಟ್ಟಿ ಓದಿ, ಮಜಾ ಇದೆ. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ಪೈಪ್ ಬದಲಾಯಿಸೋದು, ವೈರಿಂಗ್ ಇವೆಲ್ಲ ಓನರ್ ಕೆಲಸ. ನಲ್ಲಿ ವಾಷರ್, ಡ್ರೈನ್ ಕ್ಲೀನಿಂಗ್, ಸ್ವಿಚ್ಚು ಸಾಕೆಟ್ಟು, ಗೀಸರ್ ರಿಪೇರಿ ಬಾಡಿಗೆದಾರನ ಕೆಲಸ. ಅಂದರೆ ವಾಷರ್ ನಮ್ಮ ತಲೆ ಮೇಲೇ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಸದ್ಯಕ್ಕೆ ನಿಮ್ಮನ್ನ ಕಾಯೋದು ನಿಮ್ಮ ಅಗ್ರಿಮೆಂಟ್. ಅದು ಯಾಕೆ ಯಾವಾಗಲೂ 11 ತಿಂಗಳು ಅಂತ ತುಂಬಾ ಜನ ಕೇಳ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು, ಆ ಓಡಾಟ ಖರ್ಚು ತಪ್ಪಿಸೋಕೆ ಈ 11. ಸಹಿ ಹಾಕೋ ಮುಂಚೆ ಪೇಂಟಿಂಗ್ ಸಾಲನ್ನ ಹುಡುಕಿ. "ಒಂದು ತಿಂಗಳ ಬಾಡಿಗೆ ಕಡಿತ" ಅಂತ ಇದ್ದರೆ, ಅದರ ಬದಲು "ಒಂದು ತಿಂಗಳ ಬಾಡಿಗೆ ಅಥವಾ ನಿಜವಾದ ಖರ್ಚು, ಯಾವುದು ಕಡಿಮೆಯೋ ಅದು" ಅಂತ ಬರೆಸೋಕೆ ಕೇಳಿ. ಕೆಲವರು ಒಪ್ಪಲ್ಲ. ಆಗ ಕನಿಷ್ಠ "ಗೋಡೆಯ ಎಲ್ಲಾ ದುರಸ್ತಿಯೂ ಇದರಲ್ಲೇ ಸೇರಿದೆ" ಅನ್ನೋ ಒಂದು ಸಾಲು ಸೇರಿಸಿ. ನನಗೆ ಆ ಒಂದು ಸಾಲು ಇದ್ದಿದ್ದರೆ 6,000 ಉಳೀತಿತ್ತು.

ಕೀ ಕೈಗೆ ಬಂದ ದಿನ, ಸಾಮಾನು ಇಳಿಸೋಕೆ ಮುಂಚೆ ಖಾಲಿ ಮನೆಯ ವಿಡಿಯೋ ಮಾಡಿ. ಒಂದೊಂದು ರೂಮಿಗೆ ಒಂದು ನಿಮಿಷ ಸಾಕು. ಎಲ್ಲ ನಲ್ಲಿ ತಿರುಗಿಸಿ, ಫ್ಲಶ್ ಒತ್ತಿ, ಸ್ವಿಚ್ ಹಾಕಿ ತೋರಿಸಿ. ಬಿರುಕು, ತೇವದ ಕಲೆ, ಕರೆಂಟ್ ಮೀಟರ್ ರೀಡಿಂಗ್ ಇವಕ್ಕೆ ಹತ್ತಿರದ ಫೋಟೋ. ಫೋನಲ್ಲಿ ಇಟ್ಟುಕೊಂಡರೆ ಉಪಯೋಗ ಇಲ್ಲ, ಅವತ್ತೇ ಓನರ್‌ಗೆ ವಾಟ್ಸಾಪಲ್ಲಿ ಕಳಿಸಿ, ನಿಮ್ಮ ಇಮೇಲಿಗೂ ಒಂದು ಕಾಪಿ ಹಾಕ್ಕೊಳ್ಳಿ. ಅಡ್ವಾನ್ಸನ್ನ ಬ್ಯಾಂಕ್ ಮೂಲಕವೇ ಕೊಡಿ. ಕ್ಯಾಶ್ ಕೊಡಲೇಬೇಕಾದರೆ ರಸೀದಿ ಇಲ್ಲದೆ ಕೊಡಬೇಡಿ.

ಇನ್ನು ವಾಷರ್. ಆ 4,500 ಪ್ಲಂಬಿಂಗ್ ಚಾರ್ಜ್ ಏನಕ್ಕೆ ಗೊತ್ತಾ? ತೊಟ್ಟಿಕ್ಕೋ ಎರಡು ನಲ್ಲಿ, ಒಂದು ಫ್ಲಶ್ ಟ್ಯಾಂಕ್. ನಲ್ಲಿಯ ರಬ್ಬರ್ ವಾಷರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಹತ್ತು, ಇಪ್ಪತ್ತು ರೂಪಾಯಿ. ನಮ್ಮಪ್ಪ ಅದನ್ನೂ ಕೊಳ್ತಿರಲಿಲ್ಲ, ಹಳೆ ಹವಾಯಿ ಚಪ್ಪಲಿ ಕತ್ತರಿಸಿ ವಾಷರ್ ಮಾಡ್ತಿದ್ದರು. ಬಿಸ್ಕೆಟ್ ಡಬ್ಬಿ ತುಂಬ ಅಂಥವೇ ಇರ್ತಿದ್ದವು. ನಾನು ಅದನ್ನ ನೋಡಿ ನಗ್ತಿದ್ದೆ, ಇವತ್ತು ನನ್ನ ಹತ್ರಾನೂ ಒಂದು ಡಬ್ಬಿ ಇದೆ.

ಮಾಡೋದು ಹೀಗೆ. ಮೊದಲು ನೀರು ಬರೋ ಗೇಟ್ ವಾಲ್ವ್ ಬಂದ್ ಮಾಡಿ, ಅದು ಬಾತ್‌ರೂಮ್ ಗೋಡೆ ಮೇಲೆ ಅಥವಾ ಟೆರೇಸಲ್ಲಿ ಟ್ಯಾಂಕ್ ಹತ್ರ ಇರುತ್ತೆ. ಆಮೇಲೆ ನಲ್ಲಿ ತೆರೆದು ಪೈಪಲ್ಲಿ ಉಳಿದ ನೀರು ಖಾಲಿ ಮಾಡಿ. ನಲ್ಲಿಯ ಮೇಲ್ಭಾಗವನ್ನ ಸ್ಪ್ಯಾನರ್ ಹಾಕಿ ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತೆ. ಕ್ರೋಮ್ ಗೀಚದ ಹಾಗೆ ಮಧ್ಯೆ ಒಂದು ಬಟ್ಟೆ ಸುತ್ತಿ. ಅದರ ತುದಿಯಲ್ಲಿ ಸವೆದ ವಾಷರ್ ಕಾಣುತ್ತೆ. ಅದನ್ನೇ ಅಂಗಡಿಗೆ ತಗೊಂಡು ಹೋಗಿ, ಸೈಜ್ ಹೇಳೋಕೆ ಹೋಗಬೇಡಿ. ನಾನು ಸೈಜ್ ಹೇಳಿ ಮೂರು ಸಲ ಅಂಗಡಿಗೆ ನಡೆದಿದ್ದೀನಿ. ಅರ್ಧ ಸುತ್ತಿಗೇ ಪೂರ್ತಿ ತೆರೆಯೋ ಹೊಸ ನಲ್ಲಿಯಾದರೆ ಒಳಗೆ ವಾಷರ್ ಇರಲ್ಲ, ಸೆರಾಮಿಕ್ ಕಾರ್ಟ್ರಿಡ್ಜ್ ಇರುತ್ತೆ. ಅದನ್ನ ಇಡಿಯಾಗಿ ಬದಲಾಯಿಸಬೇಕು, ಸ್ವಲ್ಪ ದುಬಾರಿ. ನಲ್ಲಿ ಗೋಡೆಗೆ ಸೇರೋ ಜಾಗದಲ್ಲೇ ನೀರು ಬರ್ತಿದ್ದರೆ ಟೆಫ್ಲಾನ್ ಟೇಪ್ ಬೇಕು. ಥ್ರೆಡ್ ತುದಿ ನಿಮ್ಮ ಕಡೆ ಮುಖ ಮಾಡಿರಲಿ, ಗಡಿಯಾರದ ಮುಳ್ಳು ತಿರುಗೋ ದಿಕ್ಕಲ್ಲಿ ಬಿಗಿಯಾಗಿ ಸುತ್ತಿ. ಉಲ್ಟಾ ಸುತ್ತಿದರೆ ತಿರುಗಿಸುವಾಗ ಬಿಚ್ಚಿ ಹೋಗುತ್ತೆ.

ಫ್ಲಶ್ ಟ್ಯಾಂಕ್ ಸೋರ್ತಿದೆಯಾ ಅನ್ನೋ ಅನುಮಾನ ಇದ್ದರೆ ರಾತ್ರಿ ಟ್ಯಾಂಕಿಗೆ ಅಡುಗೆ ಬಣ್ಣ ಸ್ವಲ್ಪ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟು ನೋಡಿ. ಬಣ್ಣ ಕಮೋಡಿಗೆ ಇಳಿದಿದ್ದರೆ ಒಳಗಿನ ರಬ್ಬರ್ ಹೋಗಿದೆ ಅಂತ. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ನಿಂಬೆಹಣ್ಣು ಅಥವಾ ವಿನೆಗರ್ ಸಾಕು. ಆಸಿಡ್ ಹಾಕಬೇಡಿ, ನಲ್ಲಿಯ ಹೊಳಪು ಹೋಗಿ ಹೊಸ ಖರ್ಚಾಗುತ್ತೆ. ಮೊಳೆ ತೂತಿಗೆ ವಾಲ್ ಪುಟ್ಟಿ ಪುಡಿಯನ್ನ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ ತುಂಬಿ, ಒಣಗಿದ ಮೇಲೆ ಉಪ್ಪು ಕಾಗದದಲ್ಲಿ ಉಜ್ಜಿ. ಮೇಲೆ ಬಣ್ಣ ಹಚ್ಚೋ ಸಾಹಸ ಬೇಡ. ಹಳೆ ಬಣ್ಣಕ್ಕೆ ಹೊಸದು ಹೊಂದಲ್ಲ, ತೂತಿಗಿಂತ ಆ ತೇಪೆಯೇ ಎದ್ದು ಕಾಣುತ್ತೆ. ಕರೆಂಟ್ ಕೆಲಸಕ್ಕೆ ಮಾತ್ರ ಎಲೆಕ್ಟ್ರಿಷಿಯನ್ ಕರೀರಿ, ಅದರಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ.

ತುಂಬಾ ಜನ ಹೇಳೋ ಇನ್ನೊಂದು ಉಪಾಯ: "ಕೊನೆ ಎರಡು ತಿಂಗಳು ಬಾಡಿಗೆ ಕಟ್ಟಬೇಡ, ಅಡ್ವಾನ್ಸಲ್ಲಿ ಮುರ್ಕೊಳ್ಳಲಿ." ಓನರ್ ಬರಹದಲ್ಲಿ ಒಪ್ಪಿದರೆ ಪರವಾಗಿಲ್ಲ. ನೀವಾಗೇ ನಿಲ್ಲಿಸಿದರೆ ಅಗ್ರಿಮೆಂಟ್ ಮುರಿದವರು ನೀವೇ ಆಗ್ತೀರಿ, ನನಗಂತೂ ಇಷ್ಟ ಇಲ್ಲ. ಓನರ್ ಕಷ್ಟಾನೂ ಒಂದಿದೆ. ನಿಮ್ಮ ಅಡ್ವಾನ್ಸನ್ನ ಅವರು ಮಗಳ ಮದುವೆಗೋ ಮಹಡಿ ಕಟ್ಟೋಕೋ ಖರ್ಚು ಮಾಡಿರ್ತಾರೆ, ಮುಂದಿನ ಬಾಡಿಗೆದಾರ ಕೊಟ್ಟ ಮೇಲೇ ನಿಮಗೆ ಕೊಡೋಕಾಗೋದು. ಅದಕ್ಕೇ ನೋಟಿಸನ್ನ ಅಗ್ರಿಮೆಂಟಲ್ಲಿ ಇರೋದಕ್ಕಿಂತ ಮುಂಚೆಯೇ, ಮೆಸೇಜಲ್ಲಿ ಕೊಡಿ. ಮನೆ ನೋಡೋಕೆ ಬರೋರಿಗೆ ಬಾಗಿಲು ತೆಗೀರಿ.

ಖಾಲಿ ಮಾಡೋ ದಿನ ಓನರ್ ಜೊತೆ ನಿಂತು, ಮೊದಲ ದಿನದ ವಿಡಿಯೋ ಇಟ್ಕೊಂಡೇ ಮನೆ ಸುತ್ತಿ. ಏನೇನು ಕಡಿತ, ಎಷ್ಟು, ಯಾವ ತಾರೀಕಿಗೆ ಬಾಕಿ ಬರುತ್ತೆ ಅಂತ ಅಲ್ಲೇ ಮೆಸೇಜ್ ಹಾಕಿಸಿಕೊಂಡು ಆಮೇಲೆ ಕೀ ಕೊಡಿ. ಆ ತಾರೀಕು ದಾಟಿದರೆ ಒಂದು ನೆನಪಿನ ಮೆಸೇಜ್, ಅದಕ್ಕೂ ಉತ್ತರ ಇಲ್ಲ ಅಂದರೆ ವಕೀಲರಿಂದ ನೋಟಿಸ್.

ಎರಡನೇ ಮನೆ ಬಿಟ್ಟಾಗ ನನಗೆ ಆದ ಕಡಿತ ಪೇಂಟಿಂಗ್ ಒಂದೇ. ಓನರ್ ಆಂಟಿ ಅಡುಗೆಮನೆ ನಲ್ಲಿ ತಿರುಗಿಸಿ ನೋಡಿ, "ಇದು ಮೊದಲು ಸೋರ್ತಿತ್ತಲ್ವೇನಪ್ಪ, ಯಾರ ಹತ್ರ ಮಾಡಿಸಿದೆ?" ಅಂತ ಕೇಳಿದರು. ಸಂಜೆ ಒಳಗೆ ಅವರ ಮನೆಯ ನಲ್ಲಿಯನ್ನೂ ಬಿಚ್ಚಿ ಕೂತಿದ್ದೆ.