ತುಂಡು ಚಿತ್ರಗಳಲ್ಲಿ ಇಡೀ ಹಂಪಿ

ಹಂಪಿಯ ಮಾತಂಗ ಪರ್ವತ ಹತ್ತಿದ ಛಾಯಾಗ್ರಾಹಕರನ್ನು ಕಾಡುವ ಪ್ರಶ್ನೆ ಒಂದೇ. ಇಷ್ಟು ದೊಡ್ಡ ನೋಟವನ್ನು ಒಂದು ಚೌಕಟ್ಟಿನಲ್ಲಿ ಹಿಡಿಯುವುದು ಹೇಗೆ? ಪಶ್ಚಿಮಕ್ಕೆ ವಿರೂಪಾಕ್ಷನ ಗೋಪುರ, ಕೆಳಗೆ ಅಚ್ಯುತರಾಯ ದೇಗುಲ, ಅದರಾಚೆ ತುಂಗಭದ್ರೆ, ಸುತ್ತಲೂ ಬಂಡೆಗಳ ರಾಶಿ. ಅಗಲನೋಟದ ಮಸೂರ ಹಾಕಿದರೆ ಗೋಪುರ ಬೆಂಕಿಕಡ್ಡಿಯಷ್ಟಾಗುತ್ತದೆ. ದೂರದ್ದನ್ನು ಹತ್ತಿರ ತರುವ ಮಸೂರ ಹಾಕಿದರೆ ಗೋಪುರ ಸಿಗುತ್ತದೆ, ಹಂಪಿ ತಪ್ಪಿಹೋಗುತ್ತದೆ!

ತುಂಡುತುಂಡಾಗಿ ತೆಗೆದು ಜೋಡಿಸುವ ಉಪಾಯ ಹೊಸದೇನಲ್ಲ. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಗುಡ್ಡವೊಂದರ ಮೇಲಿಂದ ಸ್ಯಾನ್‌ಫ್ರಾನ್ಸಿಸ್ಕೊ ನಗರವನ್ನು 13 ಚಿತ್ರಗಳಲ್ಲಿ ಸುತ್ತಲೂ ಸೆರೆಹಿಡಿದ. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಆ ನಗರದ ಬಹುಭಾಗ ಹೋಯಿತು, ಚಿತ್ರ ಉಳಿಯಿತು.

ಅಂದು ಕೈಯಲ್ಲಿ ಜೋಡಿಸುತ್ತಿದ್ದುದನ್ನು ಈಗ ಕಂಪ್ಯೂಟರ್ ಮಾಡುತ್ತದೆ. ಹ್ಯೂಗಿನ್‌ನಂಥ ಉಚಿತ ತಂತ್ರಾಂಶವೇ ಸಾಕು. ಒಂದು ಬಂಡೆಯ ಮೂಲೆ, ಒಂದು ಕಂಬದ ತುದಿ ಎರಡೂ ಚಿತ್ರಗಳಲ್ಲಿದ್ದರೆ ಅದು ಗುರುತು ಹಿಡಿದು ಹೊಲಿದುಬಿಡುತ್ತದೆ. ಆದ್ದರಿಂದ ಪಕ್ಕಪಕ್ಕದ ಚಿತ್ರಗಳಲ್ಲಿ ಮೂರರಲ್ಲೊಂದು ಪಾಲಾದರೂ ಒಂದರ ಮೇಲೊಂದು ಬರಬೇಕು. ಕ್ಯಾಮೆರಾವನ್ನು ನಿಲುವಾಗಿ ಹಿಡಿದರೆ ಆಕಾಶಕ್ಕೂ ನೆಲಕ್ಕೂ ಜಾಗ ಸಿಗುತ್ತದೆ.

ಬೆಳಕಿನ ಅಳತೆಯನ್ನು ಕ್ಯಾಮೆರಾದ ವಿವೇಚನೆಗೆ ಬಿಡಬಾರದು. ಮುಂಜಾವಿನಲ್ಲಿ ಪೂರ್ವದ ಬಾನು ಬೆಳಗಿರುತ್ತದೆ, ಪಶ್ಚಿಮ ಮಂಕಾಗಿರುತ್ತದೆ. ಪ್ರತಿ ಚಿತ್ರಕ್ಕೂ ಕ್ಯಾಮೆರಾ ತಾನೇ ಲೆಕ್ಕ ಹಾಕಿದರೆ ಹೊಲಿದ ಆಕಾಶದಲ್ಲಿ ಸೀರೆಯ ಪಟ್ಟೆಗಳು ಮೂಡುತ್ತವೆ. ಬೆಳಕು, ಬಣ್ಣ, ಫೋಕಸ್ ಮೂರನ್ನೂ ಮೊದಲೇ ಕಟ್ಟಿಹಾಕುವುದು ಜಾಣತನ.

ನಿಜವಾದ ತೊಡಕು ಬೇರೆಯೇ ಇದೆ. ಕಣ್ಣಮುಂದೆ ಬೆರಳು ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ: ಹಿಂದಿನ ಗೋಡೆಯ ಮೇಲೆ ಬೆರಳು ಜಿಗಿಯುತ್ತದೆ. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಸೊಂಟ ತಿರುಗಿಸಿದಾಗಲೂ ಆಗುವುದು ಇದೇ. ಹತ್ತಿರದ ಮಂಟಪದ ಕಂಬ ದೂರದ ಗೋಪುರದ ಮೇಲೆ ಸರಿದಾಡುತ್ತದೆ, ಹೊಲಿಗೆಯಲ್ಲಿ ಕಂಬ ಮುರಿಯುತ್ತದೆ. ಮಸೂರದ ಒಳಗಿನ ಬೆಳಕಿಂಡಿ ಹೊರಗಿನಿಂದ ಕಾಣುವ ಬಿಂದುವನ್ನೇ ಅಚ್ಚು ಮಾಡಿಕೊಂಡು ತಿರುಗಿಸಿದರೆ ಈ ಕಾಟವಿಲ್ಲ. ಟ್ರೈಪಾಡಿನ ಮೇಲೆ ಕ್ಯಾಮೆರಾವನ್ನು ಹಿಂದೆಮುಂದೆ ಸರಿಸಿ ಆ ಬಿಂದು ಹುಡುಕಬೇಕು. ಹತ್ತಿರದಲ್ಲಿ ಏನೂ ಇಲ್ಲದಿದ್ದರೆ ಕೈಯೇ ಸಾಕು.

ಇನ್ನು ನಡೆದಾಡುವವರು! ಒಂದೇ ಮೇಕೆ ಎರಡು ಕಡೆ ಮೇಯುವುದು, ಯಾತ್ರಿಕನೊಬ್ಬ ಅರ್ಧಕ್ಕೇ ಮಾಯವಾಗುವುದು ಉಂಟು. ಇಂಥವರನ್ನು ಅಳಿಸುವ ಸೌಲಭ್ಯ ತಂತ್ರಾಂಶದಲ್ಲಿದೆ. ಆದರೆ ಅಳಿಸುವ ಮುನ್ನ ಒಂದು ಕ್ಷಣ ತಡೆಯುವುದು ಒಳಿತು. ಮಾತಂಗದ ಬುಡದ ಎದುರು ಬಸವಣ್ಣನಿಂದ ವಿರೂಪಾಕ್ಷ ಗುಡಿಯವರೆಗಿನ ಬೀದಿಯ ಸಾಲುಮಂಟಪಗಳಲ್ಲಿ ಒಂದು ಕಾಲಕ್ಕೆ ಮನೆಗಳಿದ್ದವು, ಅಂಗಡಿಗಳಿದ್ದವು. ಸ್ಮಾರಕ ರಕ್ಷಣೆಯ ಹೆಸರಿನಲ್ಲಿ 2011ರ ಜುಲೈಯಲ್ಲಿ ಅವನ್ನು ತೆರವು ಮಾಡಲಾಯಿತು. ತೆರವು ಸರಿಯೋ ತಪ್ಪೋ ಎಂಬ ವಾದ ಬೇರೆ. ಆ ಬೀದಿಯ ಸಂಸಾರವನ್ನು ಈಗ ನೋಡಬೇಕೆಂದರೆ ಅದಕ್ಕೂ ಮುಂಚಿನ ಚಿತ್ರಗಳೇ ಗತಿ.

ಅಂಥ ತುಂಡುಗಳು ಯಾರ ಮನೆಯ ಹಳೆಯ ಸಿ.ಡಿ.ಯಲ್ಲಾದರೂ ಇರಬಹುದು. ಒಂದೇ ಜಾಗದಲ್ಲಿ ನಿಂತು ತೆಗೆದದ್ದಾಗಿ, ಅಂಚುಗಳು ಒಂದರ ಮೇಲೊಂದು ಬಂದಿದ್ದರೆ ಅವನ್ನು ಇಂದಿಗೂ ಹೊಲಿಯಬಹುದು. ತಂತ್ರಾಂಶ ಚಿತ್ರದ ವಯಸ್ಸು ಕೇಳುವುದಿಲ್ಲ.